ಕಾವಲಿನ ಹಕ್ಕಿಗಳೂ ಬೀರುವಿನ ಪುಸ್ತಕಗಳೂ

ನಮ್ಮೂರಿನಲ್ಲಿ ಹಕ್ಕಿಯನ್ನು ನೋಡುವವರು ಎರಡೇ ಬಗೆಯ ಜನ. ಅಂಗಳದಲ್ಲಿ ರಾಗಿ ಒಣಗಹಾಕಿ ಕೋಲು ಹಿಡಿದು ಕುಳಿತ ಅಜ್ಜಿಯರು ಒಂದು ಬಗೆ. ಬೆಳಗಿನ ಜಾವದಲ್ಲಿ ಹಾಲಕ್ಕಿಯ ನುಡಿ ಕೇಳಿಬಂದೆವೆಂದು ಮನೆಬಾಗಿಲಲ್ಲಿ ನಿಲ್ಲುವ ಬುಡುಬುಡಿಕೆಯವರು ಇನ್ನೊಂದು ಬಗೆ. ಅಜ್ಜಿಯರು ನೋಡುವುದು ಓಡಿಸುವುದಕ್ಕೆ; ಬುಡುಬುಡಿಕೆಯವರು ನೋಡುವುದು ಸೇರು ರಾಗಿಗೆ. ಈ ಎರಡು ಪ್ರಯೋಜನಗಳಲ್ಲಿ ಒಂದೂ ಇಲ್ಲದೆ, ಬಿ.ಎ. ಕೊನೆಯ ವರ್ಷದ ಹುಡುಗನೊಬ್ಬನು ಜಾಲಿಮರದ ಕೆಳಗೆ ಅರ್ಧ ಗಂಟೆ ಕತ್ತೆತ್ತಿಕೊಂಡು ನಿಂತರೆ ಊರವರು ಏನೆಂದು ತಿಳಿಯಬೇಕು? ಕೇರಿಯ ಹೆಂಗಸೊಬ್ಬರು ನನ್ನ ತಾಯಿಯನ್ನು ಕೇಳಿಯೇಬಿಟ್ಟರು: "ನಿನ್ ಮಗನಿಗೆ ಕತ್ತು ಉಳುಕೈತೇನೆ?"

ಕತ್ತು ಉಳುಕಿಲ್ಲವೆಂದು ಅವರಿಗೆ ಸಮಾಧಾನ ಹೇಳುವುದಕ್ಕಾಗಿ ಈ ಲೇಖನ ಬರೆಯುತ್ತಿಲ್ಲ. ಹೇಳಬೇಕಾದ ಮಾತು ಬೇರೆಯೊಂದಿದೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಕಾವಲುಗಳಲ್ಲಿಯೂ ಕೆರೆಕಾಡುಗಳಲ್ಲಿಯೂ ಹಕ್ಕಿಗಳಿವೆ. ಆ ಹಕ್ಕಿಗಳನ್ನು ಕುರಿತ ಪುಸ್ತಕಗಳು ನಮ್ಮ ಪುಸ್ತಕಭಂಡಾರದ ಬೀರುವಿನಲ್ಲಿವೆ. ಅವನ್ನು ದಿನವೂ ಕಾಣುವ ಕುರಿಗಾಹಿಗಳೂ ರೈತರೂ ನಮ್ಮ ನಮ್ಮ ಮನೆಗಳಲ್ಲಿಯೇ ಇದ್ದಾರೆ. ಆದರೆ ಈ ಮೂವರಿಗೂ ಪರಸ್ಪರ ಪರಿಚಯವಿಲ್ಲ. ಇದರಿಂದ ಆಗುತ್ತಿರುವ ನಷ್ಟ ಸಣ್ಣದಲ್ಲವೆಂದೂ, ಪರಿಚಯ ಮಾಡಿಸಬೇಕಾದವರು ನಮ್ಮಂಥ ವಿದ್ಯಾರ್ಥಿಗಳೇ ಎಂದೂ ನನ್ನ ಅಭಿಪ್ರಾಯ.

ನಾನು ಪಕ್ಷಿಶಾಸ್ತ್ರ ಬಲ್ಲವನಲ್ಲ. ನನ್ನ ವಿಷಯಗಳು ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಅಜ್ಜಂಪುರದ ಕಡೆಯ ಹಳ್ಳಿಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈರುಳ್ಳಿ ಬೆಳೆಯುವ ನನ್ನ ತಂದೆಯವರಿಗೆ ರುಜು ಹಾಕಲು ಬರುತ್ತದೆ. ಕುರಿ ಕಾಯುವ ದೊಡ್ಡಪ್ಪನಿಗೆ ಅದೂ ಬಾರದು. ದೊಡ್ಡಪ್ಪನ ವಿಷಯ ಈ ಲೇಖನದಲ್ಲಿ ಮತ್ತೆ ಮತ್ತೆ ಬರುತ್ತದೆ, ವಾಚಕರು ಬೇಸರಪಡಬಾರದು.

ಹಕ್ಕಿಯ ಕಡೆಗೆ ನನ್ನ ಗಮನ ಹರಿದುದು ಒಂದು ತಪ್ಪಿನಿಂದ. ಎರಡನೆಯ ವರ್ಷ ಆರಂಭವಾಗುವ ಮುನ್ನ, ಜೂನ್ ತಿಂಗಳಲ್ಲಿ, ಒಂದು ಸಂಸ್ಥೆಯವರು ನಮ್ಮ ಕಡೆಯ ಒಂದು ಕಾವಲಿನ ಅಂಚಿನಲ್ಲಿ ಸಸಿ ನೆಡುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ನಾವು ನಲವತ್ತು ಜನ ಹುಡುಗರು ಹೋದೆವು. ಜೆಸಿಬಿ ಯಂತ್ರ ಮೊದಲೇ ಬಂದು ಸಾಲುಸಾಲಾಗಿ ಗುಂಡಿ ತೋಡಿತ್ತು. ಉಪ್ಪಿಟ್ಟು ಕೊಟ್ಟರು, ಟೋಪಿ ಕೊಟ್ಟರು. ಕೆಲಸ ನಡೆಯುತ್ತಿದ್ದಷ್ಟು ಹೊತ್ತೂ ಎರಡು ಹಕ್ಕಿಗಳು ನಮ್ಮ ತಲೆಯ ಮೇಲೆಯೇ ಸುತ್ತುತ್ತ, ಬಂದು ಎರಗುವಂತೆ ಮಾಡಿ ಮತ್ತೆ ಮೇಲೇಳುತ್ತ, ಕಿರಿಚುತ್ತಲೇ ಇದ್ದುವು. ನಮಗದು ತಮಾಷೆಯಾಗಿ ತೋರಿತು. ನಾನೇ ಒಂದು ಹೆಂಟೆ ಎತ್ತಿ ಬೀಸಿದೆನು. ಸಂಜೆ ಮನೆಗೆ ಬಂದು ಮುನ್ನೂರು ಸಸಿ ನೆಟ್ಟೆವೆಂದು ಹೆಮ್ಮೆಯಿಂದ ಹೇಳಿದಾಗ ದೊಡ್ಡಪ್ಪ ಕೇಳಿದನು:

"ಎಲ್ಲಿ ನೆಟ್ರಿ?"

"ಕಾವಲಿನಾಗೆ, ದಿಬ್ಬದ ಪಕ್ಕ."

"ಅಲ್ಲಿ ಜೋಡಿ ಹಕ್ಕಿ ಕೂಗ್ತಿರ್ಲಿಲ್ವ?"

"ಕೂಗ್ತಿದ್ವು ದೊಡ್ಡಪ್ಪ. ತಲೆ ಮೇಲೇ ಬತ್ತಿದ್ವು."

"ಮೊಟ್ಟೆ ಮಡಗಿದ್ವು ಕಣ್ಲಾ. ವಾರದಿಂದ ಕುರೀನ ಆ ಕಡೆ ಬಿಡ್ದಂಗೆ ತಿರುಗಿಸ್ಕಂಡು ಬತ್ತಿದ್ದೆ."

ಮಾರನೆಯ ಬೆಳಿಗ್ಗೆ ಹೋಗಿ ನೋಡಿದೆನು. ಗುಂಡಿಯ ಮಣ್ಣು ಎಲ್ಲೆಡೆ ಹರಡಿತ್ತು. ಮೊಟ್ಟೆ ಕಾಣಲಿಲ್ಲ, ಒಡೆದ ಚಿಪ್ಪೂ ಕಾಣಲಿಲ್ಲ. ಹಕ್ಕಿಗಳು ಅಲ್ಲಿಯೇ ಇದ್ದುವು, ಆದರೆ ಕೂಗುತ್ತಿರಲಿಲ್ಲ.

ಅದು ಟಿಟ್ಟಿಭವೆಂಬ ಹಕ್ಕಿ. ಪಂಚತಂತ್ರದಲ್ಲಿ ಅದರ ಕಥೆಯನ್ನು ನಾವೆಲ್ಲರೂ ಓದಿದ್ದೇವೆ. ಸಮುದ್ರವು ಟಿಟ್ಟಿಭದ ಮೊಟ್ಟೆಗಳನ್ನು ಕೊಂಡೊಯ್ದಿತು, ಹಕ್ಕಿಗಳೆಲ್ಲ ಸೇರಿ ಗರುಡನಲ್ಲಿ ಮೊರೆಯಿಟ್ಟುವು, ಕೊನೆಗೆ ಸಮುದ್ರವು ಹೆದರಿ ಮೊಟ್ಟೆಗಳನ್ನು ಹಿಂದಿರುಗಿಸಿತು. ಟಿಟ್ಟಿಭವೆಂದರೆ ನಮ್ಮ ಹೊಲದ ಬದುವಿನಲ್ಲಿ ಓಡಾಡುವ ಹಕ್ಕಿಯೇ ಎಂದು ಶಾಲೆಯಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಥೆಯಲ್ಲಿ ಸಮುದ್ರದ ಪಾತ್ರವನ್ನು ನಾನು ವಹಿಸಿದ್ದೆನೆಂದು ತಿಳಿದುದು ಅದನ್ನು ವಹಿಸಿದ ಮೇಲೆಯೇ. ಗರುಡನು ನನ್ನ ಬಳಿಗೆ ಬರಲಿಲ್ಲವೆಂಬುದು ಬೇರೆ ಮಾತು.

ಆ ವಾರ ಪುಸ್ತಕಭಂಡಾರಕ್ಕೆ ಹೋಗಿ ಹಕ್ಕಿಗಳ ಪುಸ್ತಕವಿದೆಯೇ ಎಂದು ಕೇಳಿದೆನು. "ಇದು ಆರ್ಟ್ಸ್ ಕಾಲೇಜು ಕಣಪ್ಪ" ಎಂಬ ಉತ್ತರ ಬಂದಿತು. ಆದರೂ ಬೀಗದ ಕೈ ಸಿಕ್ಕಿತು. ಗಾಜಿನ ಬೀರುವಿನ ಕೆಳಗಣ ಅಂಕಣದಲ್ಲಿ, ಗೆಜೆಟಿಯರುಗಳ ಪಕ್ಕದಲ್ಲಿ, ಸಲೀಂ ಅಲಿಯವರ ಪುಸ್ತಕವಿತ್ತು. ಅದರ ಹಿಂದಿನ ಚೀಟಿಯಲ್ಲಿ ಒಂದೇ ಒಂದು ತಾರೀಖಿನ ಮುದ್ರೆಯೂ ಇರಲಿಲ್ಲ.

ಸಲೀಂ ಅಲಿಯವರ (1896–1987) ಹೆಸರನ್ನು ಕೇಳಿದವರು ಅವರ ಬಾಲ್ಯದ ಕಥೆಯನ್ನೂ ಕೇಳಿರಬಹುದು. ಹುಡುಗನಾಗಿದ್ದಾಗ ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದು, ಅದರ ಕೊರಳಿನಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಗುಬ್ಬಿ ಎಂದು ಕೇಳುವುದಕ್ಕೆ ಬೊಂಬಾಯಿಯ ಪ್ರಕೃತಿ ಇತಿಹಾಸ ಸಂಘಕ್ಕೆ ಹೋದರಂತೆ. ಅಲ್ಲಿಂದ ಹಿಂದಿರುಗುವಾಗ ಆಯುಷ್ಯಕ್ಕಾಗುವಷ್ಟು ಕೆಲಸವನ್ನು ಕೊಂಡುತಂದರು. ನನಗೆ ಹೆಚ್ಚು ಹಿಡಿಸಿದ ಸಂಗತಿ ಮತ್ತೊಂದು. ವಿಶ್ವವಿದ್ಯಾನಿಲಯದ ಪದವಿಯಿಲ್ಲದ ಕಾರಣ ಅವರಿಗೆ ಸರ್ಕಾರದ ಪಕ್ಷಿತಜ್ಞರ ಹುದ್ದೆ ಸಿಕ್ಕಲಿಲ್ಲ. ಪದವಿಗಾಗಿ ದಿನವೂ ಬಸ್ಸಿನಲ್ಲಿ ಜೋತಾಡಿಕೊಂಡು ಬರುವ ನನ್ನಂಥವರು ಇದನ್ನೋದಿ ಸಂತೋಷಪಡಬೇಕೋ ದುಃಖಿಸಬೇಕೋ ತಿಳಿಯದು. ಅವರ ಭಾರತೀಯ ಪಕ್ಷಿಗಳ ಪುಸ್ತಕ ಮೊದಲು ಅಚ್ಚಾದುದು 1941ರಲ್ಲಿ. ಅದಕ್ಕೆ ಮುಂಚೆ, 1939–40ರಲ್ಲಿ, ಅವರು ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನೇ ನಡೆಸಿದ್ದರು. ರಂಗನತಿಟ್ಟು ಪಕ್ಷಿಧಾಮವಾದುದು 1940ರಲ್ಲಿ ಅವರ ಸಲಹೆಯಿಂದ.

ಇಂಗ್ಲಿಷ್ ಪುಸ್ತಕವಾದುದರಿಂದ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕಾಯಿತು. ಟಿಟ್ಟಿಭದ ಪುಟಕ್ಕೆ ಬಂದೆನು. ನೋಡಿದರೆ ಹಕ್ಕಿ ಒಂದಲ್ಲ, ಎರಡು! ಕಣ್ಣಿನ ಮುಂದೆ ಕೆಂಪು ತೊಗಲಿರುವುದು ಒಂದು. ಅದು ನೀರಿನ ಹತ್ತಿರ ಇರುವಂಥದು. ಹಳದಿ ತೊಗಲಿರುವುದು ಇನ್ನೊಂದು. ಅದಕ್ಕೆ ಒಣ ಬಯಲೇ ಬೇಕು, ನೆಲದ ಮೇಲೆಯೇ ಕಲ್ಲುಮಣ್ಣಿನ ಬಣ್ಣದ ಮೊಟ್ಟೆಯಿಡುತ್ತದೆ. ಮರುದಿನ ಕೆರೆಯ ಏರಿಯ ಮೇಲೆ ಕೆಂಪನ್ನು ಕಂಡೆನು. ಕಾವಲಿಗೆ ಹೋಗಿ ಹಳದಿಯನ್ನು ಕಂಡೆನು. ಇಪ್ಪತ್ತು ವರ್ಷ ಒಂದೇ ಎಂದು ತಿಳಿದಿದ್ದ ಹಕ್ಕಿ ಆ ದಿನ ಎರಡಾಯಿತು. ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲವೆಂದರೆ ಅತಿಶಯೋಕ್ತಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಪುಸ್ತಕಗಳ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಹೊಸದಾಗಿ ಹಕ್ಕಿ ನೋಡಲು ತೊಡಗುವವರು ಮೊದಲು ಹಿಡಿಯಬೇಕಾದುದು ಸಲೀಂ ಅಲಿಯವರ ಪುಸ್ತಕವನ್ನಲ್ಲ, ನಮ್ಮ ಜಿಲ್ಲೆಯವರೇ ಆಗಿ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ (1938–2007) 'ಹಕ್ಕಿಪುಕ್ಕ', 'ಮಿಂಚುಳ್ಳಿ' ಮುಂತಾದ ಪುಸ್ತಕಗಳನ್ನು. ಸಲೀಂ ಅಲಿಯವರು ಹಕ್ಕಿಯನ್ನು ನಮ್ಮ ಕೈಗೆ ಕೊಡುತ್ತಾರೆ. ತೇಜಸ್ವಿಯವರು ಹಕ್ಕಿಯ ಹಿಂದೆ ಹೋಗುವ ಹುಚ್ಚನ್ನು ಕೊಡುತ್ತಾರೆ. ಹುಚ್ಚು ಮೊದಲು ಬರಬೇಕು. ಅಂಕಿ ಅಂಶಗಳು ಆಮೇಲೆ ತಾವಾಗಿ ಬರುತ್ತವೆ. ಅಲ್ಲದೆ, ಕನ್ನಡದಲ್ಲಿ ಹಕ್ಕಿಯ ರೆಕ್ಕೆ, ಪುಕ್ಕ, ಕೊಕ್ಕುಗಳ ವಿಷಯವನ್ನು ಬಿಗಿಯದೆ, ಮಾತಾಡಿದಂತೆ ಬರೆಯಬಹುದೆಂಬ ಧೈರ್ಯ ಅವುಗಳಿಂದ ಹುಟ್ಟುತ್ತದೆ.

ಇನ್ನು ಗ್ರಿಮೆಟ್ ಮತ್ತು ಇನ್‌ಸ್ಕಿಪ್ ದಂಪತಿಗಳ ದೊಡ್ಡ ಕೈಪಿಡಿ (1998). ಅದರಲ್ಲಿ ಕಾಶ್ಮೀರದಿಂದ ಅಂಡಮಾನಿನವರೆಗಿನ ಸಾವಿರಕ್ಕೂ ಮಿಕ್ಕ ಹಕ್ಕಿಗಳಿವೆ. ಅದು ಪುಸ್ತಕಭಂಡಾರದಲ್ಲಿ ಒಂದು ಪ್ರತಿ ಇರತಕ್ಕದ್ದು. ಹೊಸಬರ ಕೈಗೆ ಮೊದಲೇ ಕೊಡತಕ್ಕದ್ದಲ್ಲ. ಪಾತ್ರೆ ದೊಡ್ಡದಾದಷ್ಟೂ ಹಸಿದವನಿಗೆ ಗಾಬರಿ. ನನ್ನ ಅನುಭವವನ್ನೇ ಹೇಳುವೆನು. ಗೆಳೆಯರೊಬ್ಬರಿಂದ ಅದನ್ನು ಎರಡು ದಿನಕ್ಕೆಂದು ತಂದಾಗ ನಮ್ಮ ಹಿತ್ತಿಲ ಅತ್ತಿಮರದಲ್ಲಿ ಮೈಯೆಲ್ಲ ಚುಕ್ಕಿಯಿರುವ ಕಂದು ಬಣ್ಣದ ಹಕ್ಕಿ ಕುಳಿತಿತ್ತು. ಪುಟ ತಿರುವಿ ತಿರುವಿ, ಅದು ಹಿಮಾಲಯದಿಂದ ದಾರಿತಪ್ಪಿ ಬಂದ ಯಾವುದೋ ಅಪೂರ್ವ ಪಕ್ಷಿಯೆಂದು ನಿಶ್ಚಯಿಸಿ, ಮೂವರು ಸಹಪಾಠಿಗಳಿಗೆ ಫೋನು ಮಾಡಿ ಹೇಳಿದೆನು. ಅದು ಹೆಣ್ಣು ಕೋಗಿಲೆ! ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇದಕ್ಕಿಂತ ನಾಚಿಕೆಗೇಡು ಬೇರೊಂದಿಲ್ಲ. ಕೋಗಿಲೆ ಬಾರದ ವಸಂತವರ್ಣನೆ ನಾವು ಓದಿದ ಕಾವ್ಯಗಳಲ್ಲಿ ಅಪರೂಪ. ಆದರೆ ಕಪ್ಪಗಿದ್ದು 'ಕುಹೂ' ಎಂದು ಹಾಡುವುದು ಗಂಡು, ಹೆಣ್ಣಿನ ಮೈಯೆಲ್ಲ ಚುಕ್ಕಿ ಎಂಬುದು ಯಾವ ಟಿಪ್ಪಣಿಯಲ್ಲಿಯೂ ಇರಲಿಲ್ಲ. ಹಂಸ, ಚಕೋರ, ಚಕ್ರವಾಕಗಳನ್ನು ಕಾವ್ಯದಲ್ಲಿ ಬಲ್ಲೆವು. ಬೇಂದ್ರೆಯವರ ಪ್ರಸಿದ್ಧ ಪದ್ಯದಲ್ಲಿ ಹಾರುವ ಹಕ್ಕಿ ಕಾಲವೆಂದು ಬರೆದು ಅಂಕ ಗಳಿಸಿದೆವು. ಕುವೆಂಪು ಅವರಿಗೆ ಹಕ್ಕಿಯ ಸಾಲು ದೇವರ ರುಜುವಾಗಿ ಕಂಡಿತೆಂದು ಬರೆದೂ ಗಳಿಸಿದೆವು. ಬಯಲಿಗೆ ಬಂದು ಹಕ್ಕಿ ಹಕ್ಕಿಯಾಗಿಯೇ ಎದುರಿಗೆ ಕುಳಿತರೆ ನಮ್ಮ ಬಾಯಿ ಕಟ್ಟುತ್ತದೆ.

ಈಚೆಗೆ ಮೊಬೈಲಿನಲ್ಲಿ ಮರ್ಲಿನ್ ಎಂಬ ಸಾಧನ ಬಂದಿದೆ. ಹಕ್ಕಿಯ ಕೂಗನ್ನು ಕೇಳಿಸಿದರೆ ಅದರ ಹೆಸರು ಹೇಳುತ್ತದೆ. ನಾನೂ ಬಳಸುತ್ತೇನೆ, ಸುಳ್ಳು ಹೇಳುವುದಿಲ್ಲ. ಆದರೆ ಅದು ಪರೀಕ್ಷೆಯ ಹಿಂದಿನ ರಾತ್ರಿ ಕೊಳ್ಳುವ ಗೈಡಿನಂತೆ. ಉತ್ತರ ಸಿಕ್ಕುತ್ತದೆ, ಪಾಠ ಸಿಕ್ಕುವುದಿಲ್ಲ.

ಪುಸ್ತಕದ ನಿಜವಾದ ಬೆಲೆ ನನಗೆ ಗೊತ್ತಾದುದು ಅದನ್ನು ದೊಡ್ಡಪ್ಪನ ಮುಂದೆ ಬಿಚ್ಚಿದ ದಿನ. ಓದಲು ಬಾರದ ಮನುಷ್ಯನು ಚಿತ್ರಗಳನ್ನು ನೋಡಿ ಏನು ಹೇಳಿಯಾನು ಎಂದುಕೊಂಡಿದ್ದೆನು. ಅವನು ಕೈ ತೊಳೆದು ಒರೆಸಿಕೊಂಡು ಬಂದು, ಒಂದೊಂದು ಚಿತ್ರದ ಮೇಲೆ ಬೆರಳಿಡುತ್ತ ಹೇಳುತ್ತ ಹೋದನು: "ಇದು ಐತೆ. ಇದು ಇಲ್ಲ. ಇದು ಮಳೆಗಾಲದಾಗೆ ಐತೆ. ಇದು ಗಂಡು, ಹೆಣ್ಣು ಹಿಂಗಿರಾಕಿಲ್ಲ." ಕೆಂಬೂತದ ಚಿತ್ರ ಬಂದಾಗ "ರತ್ನಪಕ್ಷಿ, ಎದ್ದ ತಕ್ಷಣ ಕಂಡ್ರೆ ಒಳ್ಳೇದು" ಎಂದನು. ಅದನ್ನೇ ಬೇರೆ ಕಡೆ ಸಂಬಾರಗಾಗೆ ಎನ್ನುತ್ತಾರೆ. ಒಂದೇ ಹಕ್ಕಿಗೆ ಪುಸ್ತಕದ್ದೊಂದು ಹೆಸರು, ಊರಿನದೊಂದು ಹೆಸರು; ಇಂಗ್ಲಿಷ್ ಹೆಸರು ಬಲ್ಲವನಿಗೆ ಊರಿನ ಹೆಸರು ಬಾರದು, ಊರಿನ ಹೆಸರು ಬಲ್ಲವನಿಗೆ ಪುಸ್ತಕವೇ ಬಾರದು. ಹೀಗಿರುವಾಗ ಇಬ್ಬರೂ ಒಂದೇ ಹಕ್ಕಿಯ ವಿಷಯ ಮಾತಾಡುತ್ತಿದ್ದರೂ ಮಾತು ಕೂಡುವುದೆಂತು?

ರಣಹದ್ದಿನ ಪುಟದಲ್ಲಿ ದೊಡ್ಡಪ್ಪನ ಬೆರಳು ನಿಂತಿತು. "ಇದು ಇತ್ತು" ಎಂದನು. ಅದುವರೆಗೆ 'ಐತೆ', 'ಇಲ್ಲ' ಎಂಬ ಎರಡೇ ಮಾತು ಇದ್ದುವು, ಇದು ಮೂರನೆಯದು. ದನ ಸತ್ತರೆ ಕೆರೆಯಾಚೆ ಹಾಕುತ್ತಿದ್ದರಂತೆ. ಮರದ ತುಂಬ ಹದ್ದುಗಳು ಬಂದು ಕೂರುತ್ತಿದ್ದುವಂತೆ. ಯಾವಾಗ ನಿಂತುಹೋದುವೋ ನೆನಪಿಲ್ಲ. "ಎಲ್ಗೋದ್ವೋ ಶಿವನೇ ಬಲ್ಲ." ಶಿವನಲ್ಲದೆ ಈಗ ಬೇರೆಯವರೂ ಬಲ್ಲರು. ದನಗಳಿಗೆ ನೋವು ಶಮನಕ್ಕೆಂದು ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, 1990ರ ದಶಕದಿಂದೀಚೆಗೆ ಇಡೀ ದೇಶದಲ್ಲಿ ಅವು ಬಹುಪಾಲು ಅಳಿದುವು. ದನಗಳಿಗೆ ಆ ಔಷಧವನ್ನು ಕೊಡಬಾರದೆಂದು 2006ರಲ್ಲಿ ನಿಷೇಧವಾಯಿತು. ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಹಸೀಗೂ ಆ ಸೂಜಿ ಹಾಕ್ಸಿದ್ವೇನೋ" ಎಂದನು. ಕಂಡವನಿಗೆ ಕಾರಣ ಗೊತ್ತಿರಲಿಲ್ಲ. ಕಾರಣ ಬರೆದವರಿಗೆ ನಮ್ಮ ಕೆರೆಯಾಚೆಯ ಮರ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ತಡವಾಗಿ ಇಬ್ಬರನ್ನೂ ನಮ್ಮ ಮನೆಯ ಜಗಲಿ ಕೂಡಿಸಿತು.

ಈಗ ಕಾವಲಿನ ವಿಷಯಕ್ಕೆ ಬರುತ್ತೇನೆ. ಹಳ್ಳಿಯವರಿಗೆ ಕಾವಲು ಎಂದರೇನೆಂದು ಹೇಳಬೇಕಾಗಿಲ್ಲ. ಪೇಟೆಯ ಸಹಪಾಠಿಗಳಿಗಾಗಿ ಹೇಳುವೆನು. ಮೈಸೂರು ಅರಸರು ತಮ್ಮ ರಾಸುಗಳಿಗೆಂದು ಕಾದಿರಿಸಿದ ಹುಲ್ಲುಗಾವಲುಗಳು ಇವು. ಚಿಕ್ಕದೇವರಾಜ ಒಡೆಯರ (1673–1704) ಕಾಲದ 'ಬೆಣ್ಣೆ ಚಾವಡಿ'ಯೇ ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ 'ಅಮೃತ ಮಹಲ್' ಎಂದಾಯಿತು. ದಂಡಿನ ಫಿರಂಗಿಗಳನ್ನೆಳೆದ ಎತ್ತುಗಳು ಈ ಹುಲ್ಲನ್ನು ಮೇದು ಬೆಳೆದುವು. ಅಜ್ಜಂಪುರದ ಅಮೃತ ಮಹಲ್ ತಳಿ ಕೇಂದ್ರ 1929ರಿಂದ ನಡೆದುಬಂದಿದೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಎತ್ತಿನ ಕಥೆ ಪಠ್ಯದಲ್ಲಿ ಸಿಕ್ಕಿತು. ಆದರೆ ಎತ್ತಿಗೆಂದು ಕಾದ ಹುಲ್ಲಿನಲ್ಲಿ ಮುನ್ನೂರು ವರ್ಷಗಳಿಂದ ಹಕ್ಕಿಗಳೂ ಬಾಳಿಕೊಂಡು ಬಂದಿವೆ. ನೆಲಗುಬ್ಬಿ, ಗೌಜಲಹಕ್ಕಿ, ಬುರ್ಲಿ, ಹಳದಿ ಟಿಟ್ಟಿಭಗಳ ಸಂಸಾರವೆಲ್ಲ ನೆಲದ ಮೇಲೆಯೇ. ನೆಲಗುಬ್ಬಿಯ ಗೂಡನ್ನು ನಾನು ಒಂದೇ ಬಾರಿ ಕಂಡಿದ್ದೇನೆ. ಹುಲ್ಲಿನ ಬುಡದಲ್ಲಿ ಬೊಗಸೆಗಿಂತ ಸಣ್ಣ ತಗ್ಗು, ಅಂಚಿನಲ್ಲಿ ಬೆಣಚುಕಲ್ಲಿನ ಹರಳು. ಕಾಲಿಡುವುದಕ್ಕೆ ಒಂದು ಗೇಣು ಉಳಿದಾಗ ಹಕ್ಕಿ ಎದ್ದಿತು, ಇಲ್ಲದಿದ್ದರೆ ತುಳಿದೇಬಿಡುತ್ತಿದ್ದೆನು.

ಚಳಿಗಾಲ ಬಂದರೆ ಕಾವಲಿಗೆ ನೆಂಟರು ಬರುತ್ತಾರೆ. ಗಿಡುಗದ ಜಾತಿಯ, ಉದ್ದ ರೆಕ್ಕೆಯ ಹಕ್ಕಿ. ಪುಸ್ತಕದಲ್ಲಿ 'ಸೆಳೆವ' ಎಂದಿದೆ, ಇಂಗ್ಲಿಷಿನಲ್ಲಿ ಹ್ಯಾರಿಯರ್. ದೊಡ್ಡಪ್ಪನು "ಹುಲ್ಲು ಸವರ್ಕಂಡು ಹೋಗೋ ಗಿಡ್ಗ" ಎನ್ನುತ್ತಾನೆ. ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಯಾವ ಪುಸ್ತಕದಲ್ಲಿಯೂ ಓದಿಲ್ಲ. ಹುಲ್ಲಿನ ತುದಿಗೆ ತಾಗುವಂತೆ ತೂಗುತ್ತ ಹೋಗಿ, ತಟ್ಟನೆ ತಿರುಗಿ, ಮಿಡತೆಯನ್ನೋ ಇಲಿಯನ್ನೋ ಹಿಡಿಯುತ್ತದೆ. ಸಂಜೆಯಾದರೆ ಮರ ಹತ್ತುವುದಿಲ್ಲ. ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ಹತ್ತಾರು ಸೇರಿ ಮಲಗುತ್ತವೆ. ಮೊನ್ನೆ ಡಿಸೆಂಬರಿನಲ್ಲಿ ನಾವಿಬ್ಬರೂ ಕಂಬಳಿ ಹೊದ್ದು ಕುಳಿತು ಎಣಿಸಿದೆವು. ನನ್ನ ಲೆಕ್ಕಕ್ಕೆ 11, ದೊಡ್ಡಪ್ಪನ ಲೆಕ್ಕಕ್ಕೆ 13. ಕತ್ತಲಲ್ಲಿ ದೊಡ್ಡಪ್ಪನ ಕಣ್ಣೇ ಚುರುಕು. ಇವು ಕಜಾಕಸ್ತಾನದ ಕಡೆಯಿಂದ ಸಾವಿರಾರು ಮೈಲಿ ಹಾರಿ ಬರುತ್ತವೆಂದು ಹೇಳಿದೆನು. "ಸುಗ್ಗಿಗೆ ಬತ್ತವೆ, ಯುಗಾದಿ ಹೊತ್ತಿಗೆ ಹೋಯ್ತವೆ, ಅಷ್ಟು ಗೊತ್ತು" ಎಂದು ಸ್ವಲ್ಪ ತಡೆದು, "ಅಲ್ಲೂ ಹುಲ್ಲೈತೇನ್ಲಾ?" ಎಂದು ಕೇಳಿದನು. ಇದೆ, ದೊಡ್ಡ ಹುಲ್ಲುಗಾಡೇ ಇದೆ ಎಂದೆನು.

ನಮ್ಮ ಸರ್ಕಾರಿ ದಫ್ತರಗಳಲ್ಲಿ ಇಂಥ ಬಯಲಿಗೆ ಹೆಸರೇನು ಗೊತ್ತೆ? ಪಾಳುಭೂಮಿ. ಕೇಂದ್ರ ಸರ್ಕಾರದವರು 2019ರಲ್ಲಿ ಹೊರಡಿಸಿದ ಪಾಳುಭೂಮಿಗಳ ನಕಾಶೆಯಲ್ಲಿಯೂ ಕುರುಚಲು ಬಯಲು ಪಾಳುಗಳ ಪಟ್ಟಿಯಲ್ಲಿಯೇ ಸೇರಿದೆ. ಪಾಳು ಎಂದ ಮೇಲೆ ಯಾವುದಕ್ಕಾದರೂ ಉಪಯೋಗಿಸಬಹುದು. ಕೆಲವು ಕಾವಲುಗಳು ಸಾಗುವಳಿಗೆ ಹೋದುವು, ಕೆಲವು ನೀಲಗಿರಿ ತೋಪುಗಳಾದುವು. ಚಳ್ಳಕೆರೆಯ ಕಡೆ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಯಾರಿಗೂ ಬೇಡವಾದಲ್ಲಿ ನಮ್ಮಂಥವರು ಟೋಪಿ ಹಾಕಿಕೊಂಡು ಹೋಗಿ ಸಸಿ ನೆಡುತ್ತೇವೆ! ಮರ ನೆಡುವುದು ಪುಣ್ಯವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕೆರೆಯ ಏರಿಯಲ್ಲಿ, ರಸ್ತೆಯ ಬದಿಯಲ್ಲಿ, ಶಾಲೆಯ ಆವರಣದಲ್ಲಿ ಎಷ್ಟು ಬೇಕಾದರೂ ನೆಡೋಣ. ಆದರೆ ನೆಲದ ಮೇಲೆ ಮಲಗುವ ಹಕ್ಕಿಗೆ ಮರವೇ ಶತ್ರು. ಕಾಗೆಯೂ ಗಿಡುಗವೂ ಕುಳಿತು ಗೂಡು ಹುಡುಕುವುದಕ್ಕೆ ಅದೊಂದು ಅಟ್ಟಣೆ. ಅಂದು ನಾವು ನೆಟ್ಟ ಮುನ್ನೂರರಲ್ಲಿ ಈಗ ಬದುಕಿರುವುವು ಹದಿನೇಳು, ನಾನೇ ಎಣಿಸಿದ್ದೇನೆ. ಸಸಿಯೂ ಉಳಿಯಲಿಲ್ಲ, ಮೊಟ್ಟೆಯೂ ಉಳಿಯಲಿಲ್ಲ, ಗುಂಡಿಗಳು ಉಳಿದಿವೆ.

ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿದ್ದಾರೆ. ಕೃಷ್ಣಮೃಗಗಳಿಗೆ ಅದು ಹೆಸರಾದುದು. ಹುಲ್ಲನ್ನು ಹುಲ್ಲೆಂದೇ ಕಾಯಬೇಕೆಂದು ಒಪ್ಪಿದ ಹಾಗಾಯಿತು, ಸಂತೋಷ. ಒಂದು ಬಾಸೂರಿನಿಂದ ತೃಪ್ತಿಪಡಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ. ಕಾಯುವುದೆಂದರೆ ಬೇಲಿ ಹಾಕಿ ಕುರಿಗಾಹಿಗಳನ್ನು ಹೊರಗಿಡುವುದೆಂದೂ ಅರ್ಥವಾಗಬಾರದು. ಅಂದು ಆ ಮೊಟ್ಟೆಗಳ ಸುತ್ತ ವಾರಗಟ್ಟಲೆ ಕುರಿ ತಿರುಗಿಸಿಕೊಂಡು ಹೋದವನು ಕುರಿಗಾಹಿಯೇ, ತುಳಿದವರು ನಾವು ಕಾಲೇಜಿನವರು.

ತರೀಕೆರೆಯ ಮಿತ್ರರು ಇದನ್ನೋದಿ, ನಮ್ಮ ಕಡೆಯ ಹಕ್ಕಿಗಳ ಮಾತೇ ಇಲ್ಲವಲ್ಲ ಎನ್ನಬಹುದು. ಅವರ ಹಕ್ಕಿಗಳಿಗೆ ನನ್ನ ವಕಾಲತ್ತು ಬೇಕಾಗಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಬೇಸಿಗೆಯ ನೀರಿಳಿದಾಗ ಬಯಲಾಗುವ ನಡುಗಡ್ಡೆಗಳ ಮೇಲೆ ನದಿ ರೀವಗಳು ಸಾವಿರಾರು ಸಂಖ್ಯೆಯಲ್ಲಿ ನೆರೆದು ಮೊಟ್ಟೆಯಿಡುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕವಲು ಬಾಲ. ದೋಣಿಯಿಂದ ಒಮ್ಮೆ ಕಂಡಾಗ ದಿಬ್ಬವೇ ರೆಕ್ಕೆ ಬಡಿದಂತೆ ತೋರಿತು. ಅಣೆಕಟ್ಟೆಯ ಕೆಲಸ ಮುಗಿದುದು 1965ರಲ್ಲಿ. ಮನುಷ್ಯನು ಕಟ್ಟಿದ ನೀರು ಹಕ್ಕಿಗೆ ಒಪ್ಪಿಗೆಯಾದುದಕ್ಕೆ ಇದೊಂದು ಉದಾಹರಣೆ. ಅಲ್ಲಿನ ಸರ್ಕಾರಿ ವಸತಿಗೃಹಕ್ಕೇ ಆ ಹಕ್ಕಿಯ ಹೆಸರಿಟ್ಟಿದ್ದಾರೆ. ದೂರದೂರದಿಂದ ದುಡ್ಡು ತೆತ್ತು ಜನ ಬರುತ್ತಾರೆ. ಕೆಮ್ಮಣ್ಣುಗುಂಡಿಯ ಸಿಳ್ಳಾರವನ್ನು ಕೇಳುವುದಕ್ಕೂ ಬರುತ್ತಾರೆ. ಆದರೆ ನೆಲಗುಬ್ಬಿಯ ಹೆಸರಿನ ವಸತಿಗೃಹವನ್ನು ಯಾರಾದರೂ ಕಂಡಿದ್ದೀರಾ? ಕಾಡಿಗೆ ಕಾಯುವವರಿದ್ದಾರೆ, ನೋಡುವವರಿದ್ದಾರೆ. ನನ್ನ ಮಾತು ಇಬ್ಬರೂ ಇಲ್ಲದ ಹಕ್ಕಿಗಳದು.

ದೇಶದ ಹಕ್ಕಿಗಳ ಸ್ಥಿತಿಯನ್ನು ಕುರಿತು 2023ರಲ್ಲಿ ದೊಡ್ಡದೊಂದು ವರದಿ ಬಂದಿತು. ಅದರಲ್ಲಿ 942 ಜಾತಿಗಳ ವಿಚಾರವಿದೆ. 178ಕ್ಕೆ ತುರ್ತಾಗಿ ಗಮನ ಕೊಡಬೇಕೆಂದಿದ್ದಾರೆ. ಹುಲ್ಲುಗಾವಲಿನ ಹಕ್ಕಿಗಳು ಬಹಳ ಕುಗ್ಗಿವೆಯೆಂಬುದು ಅದರ ಮುಖ್ಯ ಮಾತುಗಳಲ್ಲೊಂದು. ನಮ್ಮ ರಾಜ್ಯದ ಪಕ್ಷಿಯೆಂದು ಪರೀಕ್ಷೆಗೆ ಬಾಯಿಪಾಠ ಮಾಡುವ ನೀಲಕಂಠವೂ ಕಡಿಮೆಯಾಗುತ್ತಿದೆ, ಅದರ ಸ್ಥಿತಿಯನ್ನು ಮತ್ತೆ ಪರಿಶೀಲಿಸಬೇಕು ಎಂದಿದ್ದಾರೆ. ಈ ವರದಿಗೆ ಆಧಾರ ಯಾವುದೆಂದರೆ ಸುಮಾರು 30,000 ಜನ ಹವ್ಯಾಸಿಗಳು ತಾವು ಕಂಡುದನ್ನು ಬರೆದು ಕಳುಹಿಸಿದ ಮೂರು ಕೋಟಿ ದಾಖಲೆಗಳು. ಪದವಿ ಕೇಳಲಿಲ್ಲ, ಶುಲ್ಕ ಕೇಳಲಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕವೆಲ್ಲ ಹಕ್ಕಿ ಎಣಿಸುವ ಪದ್ಧತಿಯಿದೆ. ಕಾಲೇಜುಗಳ ಆವರಣದಲ್ಲಿ ಎಣಿಸುವುದಕ್ಕೂ ಅದರಲ್ಲಿ ಅವಕಾಶವಿದೆ. ಹದಿನೈದು ನಿಮಿಷ ನಿಂತು ಎಣಿಸಿದರೂ ಸಾಕು. ನಮ್ಮ ಕಾಲೇಜಿನ ಬೇವಿನ ಮರಗಳಲ್ಲಿಯೇ ನಾನು 23 ಜಾತಿ ಕಂಡಿದ್ದೇನೆ.

"ಹಕ್ಕಿ ನೋಡಿದರೆ ಪಿ.ಡಿ.ಓ. ಆಗುತ್ತೀಯಾ?" ಎಂದು ಒಬ್ಬ ಗೆಳೆಯನು ಕೇಳಿದನು. ಆಗುವುದಿಲ್ಲ. ಆ ಪರೀಕ್ಷೆಗೂ ಓದುತ್ತಿದ್ದೇನೆ. ಮನೆಯಲ್ಲಿ ನನ್ನ ಸಂಬಳದ ಮೇಲೆ ಇಬ್ಬರು ತಂಗಿಯರ ಓದು ನಿಂತಿದೆ. ಆದರೆ ನಾಳೆ ನಮ್ಮಲ್ಲಿ ಯಾರಾದರೂ ನಿಜವಾಗಿ ಪಿ.ಡಿ.ಓ.ವೋ ಗ್ರಾಮಲೆಕ್ಕಿಗನೋ ಆಗಿ ಕುಳಿತಾಗ, ಮೇಜಿನ ಮೇಲೆ ಒಂದು ಕಾವಲಿನ ಕಡತ ಬಂದರೆ, ಅದರಲ್ಲಿ 'ಪಾಳು' ಎಂದು ಬರೆದಿದ್ದರೆ, ರುಜು ಹಾಕುವ ಮುನ್ನ ಒಮ್ಮೆ ಅಲ್ಲಿಗೆ ಹೋಗಿ ಕುರಿಯವನನ್ನು ಕೇಳಿಬರುವ ಅಧಿಕಾರಿಗೂ ಕೇಳದ ಅಧಿಕಾರಿಗೂ ವ್ಯತ್ಯಾಸವಿದೆಯಲ್ಲವೆ? ನಮ್ಮ ತಂದೆತಾಯಿಗಳು ನಮ್ಮನ್ನು ಓದಿಸಿದುದು ತಾವು ಬಲ್ಲುದನ್ನು ನಾವು ಮರೆಯಲೆಂದಲ್ಲ.

ಕಳೆದ ತಿಂಗಳು ಪುಸ್ತಕಭಂಡಾರದವರನ್ನು ಒಪ್ಪಿಸಿ ಹಕ್ಕಿಗಳ ಮೂರು ಪುಸ್ತಕಗಳನ್ನು ಬೀರುವಿನಿಂದ ತೆಗೆಸಿ ಕಿಟಕಿಯ ಪಕ್ಕದ ಮೇಜಿನ ಮೇಲೆ ಇಡಿಸಿದ್ದೇನೆ. ಬೀಗವಿಲ್ಲ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ಉದ್ದ ನೋಟುಪುಸ್ತಕವಿದೆ. ಒಂದೊಂದು ಪುಟಕ್ಕೆ ಒಂದೊಂದು ಹಕ್ಕಿ. ಕಂಡ ಊರು, ತಿಂಗಳು, ಊರಿನವರು ಕರೆಯುವ ಹೆಸರು. ಇದುವರೆಗೆ 67 ಪುಟ ತುಂಬಿವೆ. ಅವುಗಳಲ್ಲಿ 40 ಹೆಸರು ದೊಡ್ಡಪ್ಪನವು. ಸಖರಾಯಪಟ್ಟಣದ ಕಡೆಯಿಂದ ಬರುವವರು ಅಯ್ಯನಕೆರೆಯ ನೀರುಹಕ್ಕಿಗಳನ್ನು ಬರೆಯಬೇಕಾಗಿ ಕೋರುತ್ತೇನೆ. ಆ ಪುಟಗಳು ಖಾಲಿಯಿವೆ. ಮತ್ತು 41ನೆಯ ಪುಟದ ಹಕ್ಕಿ: ಬುರ್ಲಿಗಿಂತ ದೊಡ್ಡದು, ಮಣ್ಣಿನ ಬಣ್ಣ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಜೋಡಿಜೋಡಿಯಾಗಿ ಕಾವಲಿನ ಹೊಂಡಕ್ಕೆ ನೀರು ಕುಡಿಯಲು ಬರುತ್ತದೆ. ಪುಸ್ತಕದ ಪ್ರಕಾರ ಅದರ ಹೆಸರು ನನಗೆ ಗೊತ್ತಾಗಿದೆ. ದೊಡ್ಡಪ್ಪನಿಗೆ ಮಾತ್ರ ಅದರ ಹೆಸರು ನೆನಪಿಗೆ ಬರುತ್ತಿಲ್ಲ, ತನ್ನ ಅಪ್ಪ ಏನೋ ಕರೆಯುತ್ತಿದ್ದನೆನ್ನುತ್ತಾನೆ. ನಿಮ್ಮ ಮನೆಯ ಹಿರಿಯರಿಗೆ ಗೊತ್ತಿದ್ದರೆ ಕೇಳಿ ಬರೆಯಿರಿ. ಪೆನ್ಸಿಲು ಅಲ್ಲಿಯೇ ಇದೆ.